ಡೀಸೆಲ್‌ನ ಜಿಡ್ಡು ಎಲ್ಲಿ ಹೋಯಿತು? ಗಂಧಕ ಮತ್ತು ಬಯೋಡೀಸೆಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದವನು ನಾನು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಬಿಚ್ಚಿ ಕಟ್ಟುವ ಕೆಲಸಕ್ಕೆ ಕುಳಿತೆ. ಈಗ ನವಿ ಮುಂಬಯಿಯ ಕಳಂಬೋಲಿಯಲ್ಲಿ, ಲಾರಿಗಳು ಸಾಲುಗಟ್ಟಿ ನಿಲ್ಲುವ ಜಾಗದ ಹತ್ತಿರ, ಪಂಪನ್ನೂ ಡೀಸೆಲ್ ಚಿಮ್ಮುವ ನೋಜಲನ್ನೂ ಅಳತೆಗೆ ಹೊಂದಿಸುವ ಕ್ಯಾಲಿಬ್ರೇಷನ್ ಅಂಗಡಿ ಇಟ್ಟುಕೊಂಡಿದ್ದೇನೆ. ಹುಬ್ಬಳ್ಳಿ, ವಿಜಯಪುರ, ಮಂಗಳೂರಿನ ಕಡೆಯ ಲಾರಿ ಮಾಲೀಕರು, ಮಾಟುಂಗಾದ ಹೋಟೆಲಿನವರು, ಪುಣೆಯ ಟೆಂಪೊ ಚಾಲಕರು, ಗೋವಾದಲ್ಲಿ ಟ್ರಾಲರ್ ಇಟ್ಟವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೌಂಟರಿನಲ್ಲಿ ಅವಸರದಲ್ಲಿ ಕೊಟ್ಟ ಉತ್ತರ ಅರ್ಧವಾಗಿ ಉಳಿಯುತ್ತದೆ. ಆದ್ದರಿಂದ ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ಗಂಧಕ ತೆಗೆದ ಮೇಲೆ ಡೀಸೆಲ್ ಒಣಗಿಹೋಯಿತು ಎನ್ನುತ್ತಾರೆ. ಹಾಗಾದರೆ ಮೊದಲು ಗಂಧಕವೇ ಜಿಡ್ಡಾಗಿತ್ತೇ?

ಅಲ್ಲ. ಇಲ್ಲಿ ಜಿಡ್ಡು ಎಂದರೆ ಪಂಪಿನ ಲೋಹ ಸವೆಯದಂತೆ ಕಾಯುವ ಜಾರುಗುಣ. ಇದೊಂದು ವಿಷಯ ಸರಿಯಾಗಿ ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕಚ್ಚಾತೈಲದಿಂದ ಬಂದ ಡೀಸೆಲ್‌ನಲ್ಲಿ ಬಹುಪಾಲು ಇರುವುದು ಇಂಗಾಲ ಮತ್ತು ಜಲಜನಕದ ಸಾದಾ ಸರಪಳಿಗಳು. ಅವುಗಳಿಗೆ ಲೋಹವನ್ನು ಹಿಡಿದುಕೊಳ್ಳುವ ಆಸೆಯಿಲ್ಲ. ಅವುಗಳ ನಡುವೆ ಅತಿ ಕಡಿಮೆ ಪ್ರಮಾಣದಲ್ಲಿ ಆಮ್ಲಜನಕ ಅಥವಾ ಸಾರಜನಕ ಸೇರಿದ ಕೆಲವು ಅಣುಗಳಿರುತ್ತವೆ. ಇಂಥ ಅಣುವಿನ ಒಂದು ತುದಿ ಉಕ್ಕಿಗೆ ಅಂಟಿಕೊಳ್ಳುತ್ತದೆ, ಉದ್ದನೆಯ ಬಾಲ ಹೊರಗೆ ನಿಲ್ಲುತ್ತದೆ. ಕೋಟಿಗಟ್ಟಲೆ ಅಣುಗಳು ಹೀಗೆ ಸಾಲಾಗಿ ನಿಂತಾಗ ಲೋಹದ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಹುಟ್ಟುತ್ತದೆ. ಉಕ್ಕು ಉಕ್ಕನ್ನು ಉಜ್ಜದಂತೆ ಕಾಯುವುದು ಆ ಪೊರೆ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುವುದನ್ನು ನೋಡಿದ್ದೀರಲ್ಲ? ಸವರುವ ಎಣ್ಣೆ ಒಂದು ಚಮಚವೂ ಇರುವುದಿಲ್ಲ. ಆದರೆ ಅದಿಲ್ಲದಿದ್ದರೆ ಹಿಟ್ಟು ಕಾವಲಿಯನ್ನು ಕಚ್ಚಿಕೊಳ್ಳುತ್ತದೆ.

ರಿಫೈನರಿಯಲ್ಲಿ ಗಂಧಕ ತೆಗೆಯಲು ಡೀಸೆಲ್ಲನ್ನು 300ರಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಹೆಚ್ಚಿನ ಒತ್ತಡದಲ್ಲಿ, ಜಲಜನಕದ ಜೊತೆ ಕೋಬಾಲ್ಟ್, ಮಾಲಿಬ್ಡಿನಮ್, ನಿಕಲ್‌ನಂಥ ಲೋಹಗಳ ವೇಗವರ್ಧಕದ ಮೇಲೆ ಹರಿಸುತ್ತಾರೆ. ಗಂಧಕ ಜಲಜನಕದೊಡನೆ ಸೇರಿ ಅನಿಲವಾಗಿ ಹೊರಗೆ ಹೋಗುತ್ತದೆ. ಆ ಅನಿಲದಿಂದ ಮತ್ತೆ ಹಳದಿ ಗಂಧಕವನ್ನೇ ಪಡೆಯುತ್ತಾರೆ. ಗಂಧಕಾಮ್ಲಕ್ಕೂ ಗೊಬ್ಬರಕ್ಕೂ ಅದು ಬೇಕು. ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ತಿಳಿಗೊಳಿಸಲು ಉರಿಸುವುದೂ ಗಂಧಕವನ್ನೇ. ಆದರೆ ಈ ಬಿಸಿ, ಈ ಒತ್ತಡ ಗಂಧಕವನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಪೊರೆ ಕಟ್ಟುತ್ತಿದ್ದ ಆಮ್ಲಜನಕ, ಸಾರಜನಕದ ಅಣುಗಳೂ ಅದರ ಜೊತೆಗೇ ಹೋಗುತ್ತವೆ. ಗಂಧಕ ಹೋದದ್ದೂ ಜಿಡ್ಡು ಹೋದದ್ದೂ ಒಂದೇ ಹೊತ್ತಿನಲ್ಲಿ ನಡೆಯುವುದರಿಂದ ಗಂಧಕವೇ ಜಿಡ್ಡು ಎಂದು ಜನ ತಿಳಿದರು.

ಇದಕ್ಕೆ ಗಿಡದ ಎಣ್ಣೆಯಂಥವುಗಳಿಂದ ಮಾಡುವ ಬಯೋಡೀಸೆಲ್‌ಗಿಂತ ದೊಡ್ಡ ಸಾಕ್ಷಿ ಬೇಡ. ಅದರಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅದರ ಜಾರುಗುಣ ಯಾವ ಹಳೆಯ ಡೀಸೆಲ್‌ಗೂ ಇರಲಿಲ್ಲ.

ಹಾಗಿದ್ದರೆ ಹಿರಿಯ ಮೆಕ್ಯಾನಿಕ್‌ಗಳೂ ಗಂಧಕದ ಹೆಸರನ್ನೇ ಏಕೆ ಹೇಳುತ್ತಾರೆ?

ಅವರು ಸುಳ್ಳು ಹೇಳುತ್ತಿಲ್ಲ. ನನಗೆ ಕೆಲಸ ಕಲಿಸಿದ ಗುರುಗಳೂ ಹಾಗೆಯೇ ಹೇಳುತ್ತಿದ್ದರು. ಅದಕ್ಕೆ ಎರಡು ಕಾರಣಗಳು ನನಗೆ ಕಾಣುತ್ತವೆ.

ಮೊದಲನೆಯದು ಗೇರ್ ಆಯಿಲ್. ಹಿಂದಿನ ಚಕ್ರಗಳ ನಡುವಿನ ಗೇರುಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಬಿಚ್ಚಿದಾಗ ಮೂಗಿಗೆ ಬಡಿಯುವ ನಾತವಿದೆಯಲ್ಲ, ಅದು ಗಂಧಕದ ಸಂಯುಕ್ತಗಳದ್ದು. ಅಲ್ಲಿ ಗಂಧಕಕ್ಕೆ ನಿಜವಾಗಿಯೂ ಕೆಲಸವಿದೆ. ಹಲ್ಲಿಗೆ ಹಲ್ಲು ಭಾರೀ ಒತ್ತಡದಲ್ಲಿ ಉಜ್ಜಿ ಕಾದಾಗ ಅದು ಲೋಹದೊಡನೆ ಬೆರೆತು ರಕ್ಷಣೆಯ ಪದರ ಕಟ್ಟುತ್ತದೆ. ಆದರೆ ಅದು ಬೇಕೆಂದೇ ತಯಾರಿಸಿ ಬೆರೆಸಿದ ಸಂಯುಕ್ತ. ಡೀಸೆಲ್‌ನಲ್ಲಿ ಹುಟ್ಟಿನಿಂದ ಬಂದ ಗಂಧಕ ಆ ಕೆಲಸವನ್ನು ಹೇಳಿಕೊಳ್ಳುವಷ್ಟು ಮಾಡುವುದಿಲ್ಲ.

ಎರಡನೆಯದು ಸ್ವೀಡನ್. 1990ರ ದಶಕದ ಆರಂಭದಲ್ಲಿ ಆ ದೇಶ 10 ಪಿಪಿಎಂ ಗಂಧಕದ, ಅಂದರೆ ಹತ್ತು ಲಕ್ಷ ಭಾಗದಲ್ಲಿ 10 ಭಾಗ ಗಂಧಕವಿರುವ ಡೀಸೆಲ್ಲನ್ನು ಮಾರುಕಟ್ಟೆಗೆ ತಂದಿತು. ಸ್ವಲ್ಪ ಸಮಯದಲ್ಲೇ ವಾಹನಗಳ ಪಂಪುಗಳು ಸವೆದು ನಿಲ್ಲತೊಡಗಿದವು. ಗಂಧಕ ಕಡಿಮೆಯಾದರೆ ಪಂಪ್ ಹೋಗುತ್ತದೆ ಎಂಬ ಮಾತು ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಜಿಡ್ಡು ಹೆಚ್ಚಿಸುವ ದ್ರವ್ಯವನ್ನು ಕೆಲವೇ ಹನಿಗಳಷ್ಟು ಸೇರಿಸಿದ ಮೇಲೆ ಆ ತೊಂದರೆ ತೀರಿತು. ತೊಂದರೆಯ ಸುದ್ದಿ ಬಂದಷ್ಟು ವೇಗವಾಗಿ ಪರಿಹಾರದ ಸುದ್ದಿ ನಮ್ಮ ಗ್ಯಾರೇಜುಗಳಿಗೆ ಬರಲಿಲ್ಲ.

ಎಂಜಿನ್ನಿಗೆ ಬೇರೆ ಎಣ್ಣೆ ಹಾಕುತ್ತೇವಲ್ಲ, ಪಂಪಿಗೆ ಡೀಸೆಲ್ಲೇ ಏಕೆ ಕೀಲೆಣ್ಣೆಯಾಗಬೇಕು?

ಪಂಪಿನೊಳಗಿನ ಸಂದಿ ಅಷ್ಟು ಕಿರಿದು. ಡೀಸೆಲ್ಲನ್ನು ಒತ್ತುವ ಉಕ್ಕಿನ ಕಡ್ಡಿ ಪ್ಲಂಜರ್, ಅದು ಆಡುವ ಕೊಳವೆ ಬ್ಯಾರೆಲ್. ಇವುಗಳ ನಡುವೆ ಇರುವ ಜಾಗ ಎರಡು ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ನಿಮ್ಮ ತಲೆಗೂದಲು ಅದರ ಇಪ್ಪತ್ತು ಪಾಲಿಗಿಂತ ದಪ್ಪ. ಅಲ್ಲಿಗೆ ಡೀಸೆಲ್ ಬಿಟ್ಟು ಬೇರೇನೂ ನುಗ್ಗುವಂತಿಲ್ಲ, ನುಗ್ಗಿದರೆ ಒಲೆಗೆ ಬೇರೆ ಸೌದೆ ಹಾಕಿದಂತಾಗುತ್ತದೆ.

ಹಳೆಯ ಲಾರಿಗಳ ಇನ್‌ಲೈನ್ ಪಂಪಿನಲ್ಲಿ ಕ್ಯಾಮ್ ಶಾಫ್ಟಿಗಾದರೂ ಎಂಜಿನ್ ಆಯಿಲ್ ಸಿಗುತ್ತದೆ, ಪ್ಲಂಜರ್, ಬ್ಯಾರೆಲ್ ಜೋಡಿ ಮಾತ್ರ ಡೀಸೆಲ್ಲನ್ನು ನಂಬಿಕೊಂಡಿರುತ್ತದೆ. ಆದ್ದರಿಂದಲೇ ಆ ಪಂಪುಗಳು ಎಂಥ ಡೀಸೆಲ್ ಕುಡಿದರೂ ಬಹುಕಾಲ ಬಾಳುತ್ತಿದ್ದವು. ರೋಟರಿ ಪಂಪಿನ ಕಥೆ ಬೇರೆ. ಅದರ ಒಳಗೆ ಉಜ್ಜುವ ಭಾಗಗಳಿಗೆಲ್ಲ ಡೀಸೆಲ್ಲೊಂದೇ ಗತಿ. ರೇಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಇಂದಿನ ಕಾಮನ್ ರೇಲ್ ಪಂಪುಗಳಲ್ಲಿಯೂ ಬಹುಪಾಲು ಹಾಗೆಯೇ. ಜೊತೆಗೆ ಅವು 1600ರಿಂದ 2000 ಬಾರ್ ಒತ್ತಡ ಹುಟ್ಟಿಸುತ್ತವೆ. ಒಮ್ಮೆ ಜಿಡ್ಡು ತಪ್ಪಿ ಲೋಹ ಉದುರಲು ಶುರುವಾದರೆ ಆ ಪುಡಿ ರೇಲ್‌ಗೆ, ಅಲ್ಲಿಂದ ಎಲ್ಲ ಇಂಜೆಕ್ಟರುಗಳಿಗೆ, ಹಿಂತಿರುಗುವ ಪೈಪಿನ ಮೂಲಕ ಟ್ಯಾಂಕಿಗೂ ಹೋಗುತ್ತದೆ. ಪಂಪ್ ಒಂದನ್ನೇ ಬದಲಿಸಿ ಮನೆಗೆ ಹೋದವರು ಮತ್ತೆ ನನ್ನ ಅಂಗಡಿಗೆ ಬಂದಿದ್ದಾರೆ.

ನಮ್ಮ ಡೀಸೆಲ್‌ನಲ್ಲಿ ಮೊದಲು ಗಂಧಕ ಎಷ್ಟಿತ್ತು?

1990ರ ದಶಕದ ಮೊದಲ ಭಾಗದಲ್ಲಿ ಶೇಕಡ 1ರವರೆಗೆ ಇರಬಹುದಿತ್ತು, ಅಂದರೆ 10,000 ಪಿಪಿಎಂ. ದೊಡ್ಡ ನಗರಗಳಲ್ಲಿ 1996ರಲ್ಲಿ ಅದನ್ನು 5,000ಕ್ಕೆ ಇಳಿಸಿದರು, ಆಮೇಲೆ 2,500ಕ್ಕೆ. ಮುಂಬಯಿಗೆ 2001ರಲ್ಲಿ 500 ಪಿಪಿಎಂ ಡೀಸೆಲ್ ಬಂತು. ಮುಂಬಯಿ ಮತ್ತು ಪುಣೆ ಎರಡೂ 2005ರಲ್ಲಿ 350ಕ್ಕೆ, 2010ರ ಏಪ್ರಿಲ್‌ನಲ್ಲಿ ಬಿಎಸ್ 4ರ (ಭಾರತ್ ಸ್ಟೇಜ್ ಎಂಬ ಹೊಗೆ ಮಾನದಂಡದ ನಾಲ್ಕನೇ ಹಂತ) 50ಕ್ಕೆ ಇಳಿದವು. ಇಡೀ ದೇಶಕ್ಕೆ 50 ಪಿಪಿಎಂ ತಲುಪಿದ್ದು 2017ರ ಏಪ್ರಿಲ್‌ನಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್ 6, ಎಲ್ಲ ಕಡೆ 10 ಪಿಪಿಎಂ.

ಲೆಕ್ಕ ಹಾಕಿ ನೋಡಿ. 300 ಲೀಟರಿನ ಲಾರಿ ಟ್ಯಾಂಕಿನಲ್ಲಿ ಸುಮಾರು 250 ಕಿಲೋ ಡೀಸೆಲ್ ಇರುತ್ತದೆ. ಅಂದು ಅದರೊಳಗೆ ಎರಡೂವರೆ ಕಿಲೋ ಗಂಧಕ ಇರಬಹುದಿತ್ತು. ಇಂದು ಇರಬಹುದಾದದ್ದು ಹೆಚ್ಚೆಂದರೆ ಎರಡೂವರೆ ಗ್ರಾಂ.

ಪಂಪಿಗೆ ತೊಂದರೆಯಾಗುತ್ತದೆ ಎಂದು ಗೊತ್ತಿದ್ದೂ ಗಂಧಕವನ್ನು ತೆಗೆಯಲೇಬೇಕಿತ್ತೇ?

ತೆಗೆಯಲೇಬೇಕಿತ್ತು. ಆ ಎರಡೂವರೆ ಕಿಲೋ ಎಲ್ಲಿಗೆ ಹೋಗುತ್ತಿತ್ತು ಎಂದು ಯೋಚಿಸಿ. ಎಂಜಿನ್ನಿನಲ್ಲಿ ಉರಿದು ಗಂಧಕದ ಡೈಆಕ್ಸೈಡ್ ಆಗಿ, ಅದರಲ್ಲೊಂದು ಪಾಲು ಸಲ್ಫೇಟಿನ ಸೂಕ್ಷ್ಮ ಕಣಗಳಾಗಿ, ಸಿಗ್ನಲ್ಲಿನಲ್ಲಿ ನಿಂತವರ ಎದೆಯೊಳಗೆ ಹೋಗುತ್ತಿತ್ತು. ಉಳಿದದ್ದು ಎಂಜಿನ್ ಆಯಿಲ್‌ನಲ್ಲಿ ಆಮ್ಲವಾಗಿ ಬೇರಿಂಗನ್ನು ತಿನ್ನುತ್ತಿತ್ತು. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಸ್ಟ್, ಇವುಗಳಿಗೆ ಗಂಧಕವೇ ವಿಷ. ಗಂಧಕವಿರುವ ಡೀಸೆಲ್ ಇಟ್ಟುಕೊಂಡು ಬಿಎಸ್ 6 ವಾಹನ ಓಡಿಸಲು ಆಗುವುದಿಲ್ಲ. ಮೂವತ್ತು ವರ್ಷದ ಹಿಂದೆ ಚೆಂಬೂರಿನಿಂದ ದಾದರಿಗೆ ಬಸ್ಸಿನಲ್ಲಿ ಹೋಗಿ ಇಳಿದರೆ ಬಿಳಿ ಅಂಗಿಯ ಕಾಲರ್ ಕಪ್ಪಾಗಿರುತ್ತಿತ್ತು. ಆ ಕಾಲಕ್ಕೆ ಹಿಂತಿರುಗಲು ನನಗೆ ಮನಸ್ಸಿಲ್ಲ.

ಡೀಸೆಲ್‌ನ ಜಿಡ್ಡನ್ನು ಅಳೆಯುವುದು ಹೇಗೆ? ಬೆರಳಿಗೆ ಹಚ್ಚಿ ನೋಡಿದರೆ ಸಾಲದೇ?

ಬೆರಳಿಗೆ ಗೊತ್ತಾಗುವುದು ದಪ್ಪ ಮಾತ್ರ. ದಪ್ಪ ಬೇರೆ, ಜಿಡ್ಡು ಬೇರೆ. ಜೋನಿಬೆಲ್ಲ ಡೀಸೆಲ್‌ಗಿಂತ ಎಷ್ಟೋ ದಪ್ಪ, ಆದರೆ ಅದನ್ನು ಯಾರೂ ಬಾಗಿಲ ಕೀಲಿಗೆ ಬಿಡುವುದಿಲ್ಲ.

ಪ್ರಯೋಗಾಲಯದಲ್ಲಿ ಇದಕ್ಕೊಂದು ಚಿಕ್ಕ ಯಂತ್ರವಿದೆ. ಎರಡು ಮಿಲಿಲೀಟರ್ ಡೀಸೆಲ್‌ನಲ್ಲಿ ಮುಳುಗಿದ ಉಕ್ಕಿನ ತಟ್ಟೆಯ ಮೇಲೆ 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಇಟ್ಟು, ಅದರ ಮೇಲೆ 200 ಗ್ರಾಂ ಭಾರ ಹೇರಿ, ಸೆಕೆಂಡಿಗೆ 50 ಬಾರಿಯಂತೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. 60 ಡಿಗ್ರಿ ಬಿಸಿ, 75 ನಿಮಿಷ. ಒಟ್ಟು 2,25,000 ಸಲ ಉಜ್ಜಿದ ಮೇಲೆ ಗುಂಡಿನ ಮೇಲೆ ಬಿದ್ದ ಸವೆತದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ನಮ್ಮ ದೇಶದ ಮಾನದಂಡದಲ್ಲಿಯೂ ಯುರೋಪಿನಲ್ಲಿಯೂ ಅದು 460 ಮೈಕ್ರಾನ್ ಮೀರಬಾರದು. ಅಮೆರಿಕದಲ್ಲಿ 520ರವರೆಗೆ ಒಪ್ಪುತ್ತಾರೆ. ಏನೂ ಸೇರಿಸದೆ, ಗಂಧಕ ತೆಗೆದ ಹಾಗೆಯೇ ಬಿಟ್ಟ ಡೀಸೆಲ್‌ನಲ್ಲಿ ಸವೆತದ ಗುರುತು ಈ ಮಿತಿಯನ್ನು ಮೀರುವುದು ಸಾಮಾನ್ಯ. ಆದ್ದರಿಂದ ಜಿಡ್ಡಿನ ದ್ರವ್ಯವನ್ನು ಬೆರೆಸಿದ ನಂತರವೇ ಅದನ್ನು ಮಾರಾಟಕ್ಕೆ ಬಿಡುತ್ತಾರೆ.

ಹಾಗಾದರೆ ಬಂಕಿನ ಡೀಸೆಲ್‌ಗೆ ನಾನು ಬಾಟಲಿಯ ದ್ರವ ಸೇರಿಸಬೇಕೇ? ಕೆಲವರು ಟೂ ಸ್ಟ್ರೋಕ್ ಆಯಿಲ್ ಹಾಕುತ್ತಾರೆ.

ಒಳ್ಳೆಯ ಬಂಕಿನಲ್ಲಿ ಹಾಕಿಸುವವರಿಗೆ ಬೇಡ. ಟೂ ಸ್ಟ್ರೋಕ್ ಆಯಿಲನ್ನು ಬಿಎಸ್ 6 ವಾಹನಕ್ಕೆ ದಯವಿಟ್ಟು ಹಾಕಬೇಡಿ. ಅದರಲ್ಲಿರುವ ಬೂದಿಯಾಗುವ ಅಂಶ ಮಸಿಯ ಫಿಲ್ಟರಿನಲ್ಲಿ ಕುಳಿತರೆ ಉರಿಸಿ ತೆಗೆಯಲು ಬರುವುದಿಲ್ಲ. ಪಂಪಿಗೆ ಉಪಕಾರ ಮಾಡಲು ಹೋಗಿ ಅದಕ್ಕಿಂತ ದುಬಾರಿ ಭಾಗವನ್ನು ಕಳೆದುಕೊಳ್ಳುತ್ತೀರಿ.

ಸೀಮೆಎಣ್ಣೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಅದು ತೆಳು, ಜಿಡ್ಡೂ ಇಲ್ಲ. ನನ್ನ ಅಂಗಡಿಗೆ ಬರುವ ಗೀರುಬಿದ್ದ ಪ್ಲಂಜರುಗಳ ಹಿಂದೆ ಗಂಧಕದ ಕೊರತೆ ಇದ್ದದ್ದನ್ನು ನಾನು ಕಂಡಿಲ್ಲ. ಕಲಬೆರಕೆ ಮತ್ತು ನೀರು, ಇವೆರಡನ್ನೇ ಮತ್ತೆ ಮತ್ತೆ ಕಂಡಿದ್ದೇನೆ.

ಬಯೋಡೀಸೆಲ್ ಎಂದರೆ ಅಡುಗೆ ಎಣ್ಣೆಯೇ?

ಎಣ್ಣೆಯಿಂದ ಹುಟ್ಟಿದ್ದು, ಆದರೆ ಎಣ್ಣೆಯಲ್ಲ. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್ ಬೆನ್ನೆಲುಬಿಗೆ ಜೋತುಬಿದ್ದಿರುತ್ತವೆ. ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ ಸುಮಾರು 60 ಡಿಗ್ರಿಯಲ್ಲಿ ಕಲಕಿದರೆ ಆ ಮೂರೂ ಬಿಡಿಸಿಕೊಂಡು ಮೆಥನಾಲಿನ ಕೈ ಹಿಡಿಯುತ್ತವೆ. ಗ್ಲಿಸರಿನ್ ಕೆಳಗೆ ಕೂರುತ್ತದೆ, ಮೇಲೆ ನಿಲ್ಲುವ ಮೀಥೈಲ್ ಎಸ್ಟರೇ ಬಯೋಡೀಸೆಲ್. 100 ಕಿಲೋ ಎಣ್ಣೆಯಿಂದ ಹತ್ತಿರ ಹತ್ತಿರ 100 ಕಿಲೋ ಬಯೋಡೀಸೆಲ್, 10 ಕಿಲೋ ಗ್ಲಿಸರಿನ್ ಬರುತ್ತದೆ.

ಈ ಬದಲಾವಣೆಯಿಂದ ಆಗುವ ಲಾಭ ದೊಡ್ಡದು. ಹಸಿ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ದಪ್ಪ. ಎಸ್ಟರ್ ಆದ ಮೇಲೆ ಡೀಸೆಲ್‌ಗಿಂತ ಸ್ವಲ್ಪ ಮಾತ್ರ ದಪ್ಪ. ತೂಕದಲ್ಲಿ ಸುಮಾರು ಶೇಕಡ 11 ಆಮ್ಲಜನಕ ಇರುವುದರಿಂದ ಮೊದಲ ಪ್ರಶ್ನೆಯಲ್ಲಿ ಹೇಳಿದ ಆ ಅಂಟಿಕೊಳ್ಳುವ ತುದಿ ಇದರ ಪ್ರತಿ ಅಣುವಿಗೂ ಇದೆ. ಎಸ್ಟರಿಗಿಂತಲೂ ಹೆಚ್ಚಿನ ಜಿಡ್ಡು ಕೊಡುವುದು ಅದರಲ್ಲಿ ಉಳಿದುಹೋಗುವ ಮಾನೊಗ್ಲಿಸರೈಡ್, ಬಿಡಿ ಕೊಬ್ಬಿನಾಮ್ಲದಂಥ ಚೂರುಪಾರು ಅಂಶಗಳು. ಹಾಗೆಂದು ಅವು ಹೆಚ್ಚಿದ್ದರೆ ಒಳ್ಳೆಯದಲ್ಲ, ಫಿಲ್ಟರ್ ಕಟ್ಟುತ್ತವೆ, ಲೋಹ ತಿನ್ನುತ್ತವೆ.

ಎಷ್ಟು ಬೆರೆಸಿದರೆ ಜಿಡ್ಡು ಸಾಕಾಗುತ್ತದೆ?

ಶೇಕಡ 1ರಿಂದ 2. ಅಷ್ಟರಲ್ಲೇ ಒಣ ಡೀಸೆಲ್ಲಿನ ಸವೆತದ ಗುರುತು 460ರ ಕೆಳಗೆ ಇಳಿಯುತ್ತದೆ. ಶೇಕಡ 5, 7, 20 ಎಂದು ಹೆಚ್ಚಿಸುವುದು ಜಿಡ್ಡಿಗಾಗಿ ಅಲ್ಲ, ಹೊರದೇಶದ ತೈಲ ಕಡಿಮೆ ಮಾಡಲು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇಕಡ 5 ಬಯೋಡೀಸೆಲ್ ಇರಬೇಕೆಂಬ ಗುರಿ ಇದೆ. ನಮ್ಮ ಡೀಸೆಲ್ ಮಾನದಂಡ ಶೇಕಡ 7ರವರೆಗೆ ಒಪ್ಪುತ್ತದೆ, ಅದನ್ನು ಬಿ7 ಎನ್ನುತ್ತಾರೆ.

ಮಸಿಯ ಫಿಲ್ಟರ್ ಇರುವ ಹೊಸ ಗಾಡಿಗೆ ಕಂಪನಿಯ ಕೈಪಿಡಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಾಕಬೇಡಿ. ಆ ಫಿಲ್ಟರನ್ನು ಸುಟ್ಟು ಶುಚಿ ಮಾಡುವಾಗ ಅನೇಕ ಎಂಜಿನ್ನುಗಳು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ಬಯೋಡೀಸೆಲ್ ಬೇಗ ಆವಿಯಾಗುವುದಿಲ್ಲ, ಸಿಲಿಂಡರಿನ ಗೋಡೆಯ ಮೇಲಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳುಮಾಡುತ್ತದೆ.

ಅಣ್ಣಾ, ನನ್ನದು ಹಳೆಯ ಲಾರಿ. ಬಿ20 ಹಾಕಿದ ವಾರದಲ್ಲೇ ನಿಂತುಹೋಯಿತು. ಬಯೋಡೀಸೆಲ್ ಕೆಟ್ಟದ್ದಲ್ಲವೇ?

ನಿಮ್ಮ ಟ್ಯಾಂಕು ಹದಿನೈದು ವರ್ಷದಿಂದ ಕೂಡಿಟ್ಟ ಕೊಳೆ ಅದು. ಬಯೋಡೀಸೆಲ್ ಒಳ್ಳೆಯ ದ್ರಾವಕ. ಟ್ಯಾಂಕಿನ ಗೋಡೆಗೆ ಅಂಟಿಕೊಂಡಿದ್ದ ಗೊಜ್ಜನ್ನೆಲ್ಲ ಎಬ್ಬಿಸಿ ಫಿಲ್ಟರಿಗೆ ತಂದು ಕೂರಿಸುತ್ತದೆ. ಮೊದಲ ಒಂದೆರಡು ಟ್ಯಾಂಕಿನ ನಂತರ ಫಿಲ್ಟರ್ ಬದಲಿಸಿ, ಜೊತೆಯಲ್ಲಿ ಒಂದು ಹೊಸ ಫಿಲ್ಟರ್ ಇಟ್ಟುಕೊಂಡೇ ಘಾಟ್ ಹತ್ತಿ. ಖಂಡಾಲಾ ಘಾಟಿನ ನಡುವೆ ಲಾರಿ ನಿಂತರೆ ಪಡುವ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ.

ಹಳೆಯ ಗಾಡಿಯ ರಬ್ಬರನ್ನೂ ನೋಡಿ. ಸಾದಾ ರಬ್ಬರ್, ನೈಟ್ರೈಲ್ ಪೈಪು ಮತ್ತು ಓರಿಂಗುಗಳು ಹೆಚ್ಚಿನ ಬಯೋಡೀಸೆಲ್‌ಗೆ ಉಬ್ಬಿ ಮೆತ್ತಗಾಗುತ್ತವೆ. ವಿಟಾನ್ ಜಾತಿಯವು ತಡೆಯುತ್ತವೆ. ತಾಮ್ರ, ಹಿತ್ತಾಳೆ, ಸತುವಿನ ಲೇಪ ಕೊಟ್ಟ ಡ್ರಮ್ಮು ಬಯೋಡೀಸೆಲ್ಲನ್ನೇ ಕೆಡಿಸುತ್ತವೆ. ಬಿ5, ಬಿ7 ಮಟ್ಟದಲ್ಲಿ ಈ ಯಾವ ತಲೆನೋವೂ ಸಾಮಾನ್ಯವಾಗಿ ಇರುವುದಿಲ್ಲ.

ನಮ್ಮದು ಹೋಟೆಲ್. ವಡೆ, ಬಜ್ಜಿ ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಜನರೇಟರಿಗೆ ಹಾಕಬಹುದೇ?

ಬೇಡ. ನಮ್ಮವರೊಬ್ಬರು ಹೀಗೆಯೇ ಮಾಡಿ ನೋಡಿದರು. ಮೊದಲ ದಿನ ಜನರೇಟರ್ ಚೆನ್ನಾಗಿಯೇ ಓಡಿತು, ಅಂಗಳದಲ್ಲೆಲ್ಲ ಬಜ್ಜಿಯ ಪರಿಮಳ. ಎರಡು ತಿಂಗಳಿಗೆ ನೋಜಲ್ ತುದಿಯಲ್ಲಿ ಮಸಿಯ ಹೂವು ಅರಳಿತ್ತು, ರಿಂಗುಗಳು ಪಿಸ್ಟನ್ನಿಗೆ ಅಂಟಿಹೋಗಿದ್ದವು. ಎಣ್ಣೆಗೆ ಜಿಡ್ಡು ಬೇಕಾದಷ್ಟಿದೆ, ಪಂಪನ್ನು ಅದು ಸವೆಸಲಿಲ್ಲ. ಆದರೆ ಅಷ್ಟು ದಪ್ಪ ದ್ರವ ನುಣ್ಣಗೆ ಚಿಮ್ಮುವುದಿಲ್ಲ, ಅರ್ಧ ಉರಿಯುತ್ತದೆ, ಉಳಿದದ್ದು ಗೋಂದಾಗುತ್ತದೆ. ಕರಿದ ಎಣ್ಣೆಯಲ್ಲಿ ನೀರು, ಉಪ್ಪು, ಆಮ್ಲ ಬೇರೆ ಇರುತ್ತವೆ.

ಆ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರಿಗೆ ಕೊಡಿ. ಪದೇ ಪದೇ ಕಾಯಿಸಿದಾಗ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಧ್ರುವೀಯ ಅಂಶ ಶೇಕಡ 25 ದಾಟಿದರೆ ಅಡುಗೆಗೆ ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಇದೆ. ಅದೇ ವರ್ಷ ರುಕೊ ಎಂಬ ಹೆಸರಿನಲ್ಲಿ ಬಳಸಿದ ಎಣ್ಣೆ ಸಂಗ್ರಹಿಸುವ ಯೋಜನೆಯನ್ನೂ ತಂದರು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಲೆಕ್ಕ ಇಡಬೇಕು, ಉಳಿದದ್ದನ್ನು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು. ನಮ್ಮ ಹೋಟೆಲಿನವರಲ್ಲಿ ಕೈಮುಗಿದು ಕೇಳುವುದು ಒಂದೇ: ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಆ ಡಬ್ಬವನ್ನು ಬೀದಿಯ ಕೈಗಾಡಿಯವರಿಗೆ ಮಾರಬೇಡಿ. ಅದು ಮತ್ತೆ ಯಾರದೋ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಮನೆಯ ಹಿತ್ತಿಲಲ್ಲೇ ಬಯೋಡೀಸೆಲ್ ಮಾಡುವ ವಿಡಿಯೊ ನೋಡಿದೆ. ಪ್ರಯತ್ನಿಸಲೇ?

ಮೆಥನಾಲ್ ಎಂದರೇನು ಎಂದು ಮೊದಲು ತಿಳಿಯಿರಿ. 2015ರಲ್ಲಿ ಮಾಲಾಡಿನ ಮಾಲವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರಲ್ಲಿದ್ದದ್ದು ಮೆಥನಾಲ್. ಸ್ವಲ್ಪ ಒಳಗೆ ಹೋದರೂ ಕಣ್ಣು ಹೋಗುತ್ತದೆ. ಆವಿಯೂ, ಚರ್ಮದ ಮೂಲಕ ಇಳಿದದ್ದೂ ವಿಷವೇ. ಹೊತ್ತಿಕೊಂಡರೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಚಾಳಿನ ಕೋಣೆಯಲ್ಲಿ, ಮಕ್ಕಳು ಓಡಾಡುವ ಹಿತ್ತಿಲಲ್ಲಿ ಇಡುವ ವಸ್ತುವಲ್ಲ ಅದು. ಮಾಡಿದ ಮೇಲೆ ತೊಳೆದು ಒಣಗಿಸದಿದ್ದರೆ ಉಳಿದ ಸಾಬೂನು, ಗ್ಲಿಸರಿನ್, ಮೆಥನಾಲ್ ನಿಮ್ಮ ಪಂಪಿಗೆ ಹೋಗುತ್ತವೆ.

ಪುಣೆಯ ಚಳಿಯಲ್ಲಿ ಬಯೋಡೀಸೆಲ್ ಹೆಪ್ಪುಗಟ್ಟುತ್ತದೆಯೇ?

ಅದು ಯಾವ ಎಣ್ಣೆಯಿಂದ ಬಂದದ್ದು ಎಂಬುದರ ಮೇಲೆ. ತಾಳೆ ಎಣ್ಣೆಯ ಬಯೋಡೀಸೆಲ್ ಸುಮಾರು 15 ಡಿಗ್ರಿಯಲ್ಲೇ ಮಬ್ಬಾಗುತ್ತದೆ, ಸೋಯಾದ್ದು ಸೊನ್ನೆಯ ಹತ್ತಿರದವರೆಗೂ ತಿಳಿಯಾಗಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಪುಣೆಯ ತಾಪ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಹೋಟೆಲುಗಳ ಕರಿದ ಎಣ್ಣೆಯಲ್ಲಿ ತಾಳೆಯಿಂದಲೇ ಬರುವ ಪಾಮೊಲಿನ್ ಹೆಚ್ಚು. ಆದ್ದರಿಂದ ಶುದ್ಧ ಬಯೋಡೀಸೆಲ್ಲನ್ನು ಭೋಸರಿಯ ಬಯಲಿನಲ್ಲಿ ಡ್ರಮ್ಮಿನಲ್ಲಿಟ್ಟರೆ ಬೆಳಿಗ್ಗೆ ತುಪ್ಪದಂತೆ ಕಾಣಬಹುದು. ಬಿಸಿಲೇರಿದ ಮೇಲೆ ಕರಗಿದರೂ ತಳದಲ್ಲಿ ಕುಳಿತ ಗಸಿ ಎಲ್ಲವೂ ಕರಗುವುದಿಲ್ಲ. ಬಿ5ಕ್ಕೆ ಈ ಚಿಂತೆ ಇಲ್ಲ. ಮುಂಬಯಿ, ಗೋವಾದಲ್ಲಿ ಈ ಪ್ರಶ್ನೆಯೇ ಅಪರೂಪ.

ಗೋವಾದಲ್ಲಿ ನನ್ನ ಟ್ರಾಲರ್ ಮಳೆಗಾಲದಲ್ಲಿ ನಿಂತಿರುತ್ತದೆ. ಟ್ಯಾಂಕಿನಲ್ಲಿ ಬಯೋಡೀಸೆಲ್ ಬೆರಕೆ ಬಿಡಬಹುದೇ?

ಬಿಡಬೇಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳ ತೇವದಲ್ಲಿ ಅರ್ಧ ತುಂಬಿದ ಟ್ಯಾಂಕಿನ ಗೋಡೆಯ ಮೇಲೆ ನೀರು ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಬಯೋಡೀಸೆಲ್ ಸಾದಾ ಡೀಸೆಲ್‌ಗಿಂತ ಹೆಚ್ಚು ನೀರನ್ನು ಹೀರಿಕೊಳ್ಳುತ್ತದೆ. ನೀರು ಮತ್ತು ಇಂಧನ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆಯಾಗುತ್ತದೆ. ಆಗಸ್ಟ್ ಮೊದಲ ದಿನ ಎಲ್ಲರ ದೋಣಿ ಮಾಲಿಮ್ ಜೆಟ್ಟಿ ಬಿಟ್ಟು ಹೊರಟಾಗ ನಿಮ್ಮದು ಫಿಲ್ಟರ್ ಕಟ್ಟಿಕೊಂಡು ನಿಲ್ಲುತ್ತದೆ. ಆ ದಿನದ ಮೀನಿನ ಬೆಲೆ ನಿಮಗೆ ಗೊತ್ತು.

ಮೇ ತಿಂಗಳ ಕೊನೆಯ ಟ್ರಿಪ್ಪುಗಳಿಗೆ ಸಾದಾ ಡೀಸೆಲ್ ಹಾಕಿಸಿ. ಟ್ಯಾಂಕನ್ನು ತುಂಬಿಸಿಯೇ ಬಿಡಿ, ಖಾಲಿ ಜಾಗ ಕಡಿಮೆ ಇದ್ದಷ್ಟೂ ಹನಿಗಟ್ಟುವ ನೀರು ಕಡಿಮೆ. ಹೊರಡುವ ಮೊದಲು ತಳದ ನೀರು ಬಿಟ್ಟು ತೆಗೆಯಿರಿ. ವರ್ಷದಲ್ಲಿ ನಾಲ್ಕು ಸಲ ಮಾತ್ರ ಓಡುವ ಹೋಟೆಲಿನ, ಹೌಸಿಂಗ್ ಸೊಸೈಟಿಯ ಜನರೇಟರಿಗೂ ಇದೇ ಮಾತು. ಬಯೋಡೀಸೆಲ್ ಗಾಳಿ ತಾಗಿ ಹಳಸುವ ವಸ್ತು, ಆರು ತಿಂಗಳಿಗಿಂತ ಹೆಚ್ಚು ಕೂಡಿಡುವುದು ಸರಿಯಲ್ಲ.

ಹೆದ್ದಾರಿಯ ಬದಿಯಲ್ಲಿ ಕಡಿಮೆ ಬೆಲೆಗೆ ಬಯೋಡೀಸೆಲ್ ಮಾರುತ್ತಾರೆ. ನಂಬಬಹುದೇ?

ಆ ಹೆಸರಿನಲ್ಲಿ ಮಾರುವ ಎಷ್ಟೋ ದ್ರವದಲ್ಲಿ ಒಂದು ಹನಿ ಬಯೋಡೀಸೆಲ್ಲೂ ಇರುವುದಿಲ್ಲ. ಕಾರ್ಖಾನೆಯ ದ್ರಾವಕ, ಅಗ್ಗದ ಪೆಟ್ರೋಲಿಯಂ ಎಣ್ಣೆಗಳ ಮಿಶ್ರಣ ಅದು. ಡೀಸೆಲ್ ಜೊತೆ ಬೆರೆಸಲು ಬಯೋಡೀಸೆಲ್ ಮಾರುವುದಕ್ಕೆ 2019ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ತಂದಿದೆ. ಪರವಾನಗಿ ತೋರಿಸಲು ಹಿಂಜರಿಯುವವರಲ್ಲಿ ಹಾಕಿಸಬೇಡಿ.

ಪರೀಕ್ಷೆಗೆ ಎರಡು ದಾರಿಗಳಿವೆ. ದ್ರವದ ಸಾಂದ್ರತೆ ತೋರಿಸುವ ಹೈಡ್ರೋಮೀಟರಿನಲ್ಲಿ ಶುದ್ಧ ಬಯೋಡೀಸೆಲ್ ಲೀಟರಿಗೆ 860ರಿಂದ 900 ಗ್ರಾಂ ತೂಗಬೇಕು. ಸಾದಾ ಡೀಸೆಲ್ 845ರ ಒಳಗೇ ಇರುತ್ತದೆ. ಎರಡನೆಯದನ್ನು ನಾನು ಅಂಗಡಿಯಲ್ಲಿ ಕೈಗವಸು ಹಾಕಿ ಮಾಡುತ್ತೇನೆ: 27 ಮಿಲಿಲೀಟರ್ ಮೆಥನಾಲಿಗೆ ಆ ಬಯೋಡೀಸೆಲ್ 3 ಮಿಲಿಲೀಟರ್ ಹಾಕಿ ಕುಲುಕಬೇಕು. ಒಳ್ಳೆಯ ಬಯೋಡೀಸೆಲ್ ಪೂರ್ತಿ ಕರಗುತ್ತದೆ. ಸರಿಯಾಗಿ ಬದಲಾಗದ ಎಣ್ಣೆ ತಳದಲ್ಲಿ ಹನಿಯಾಗಿ ಕೂರುತ್ತದೆ. ಪೆಟ್ರೋಲಿಯಂ ಬೆರಕೆಯಾದರೆ ಬೇರೆಯೇ ನಿಲ್ಲುತ್ತದೆ.

ಊರಿನಲ್ಲಿ ನಮ್ಮ ಹೊಲದ ಬದುವಿನಲ್ಲಿ ಹೊಂಗೆ ಮರಗಳಿವೆ. ಆ ಎಣ್ಣೆ ಉಪಯೋಗಕ್ಕೆ ಬರುತ್ತದೆಯೇ?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿಯಾಗುತ್ತದೆ. ಹೊಂಗೆಯನ್ನು ಮರಾಠಿಯವರು ಕರಂಜ ಎನ್ನುತ್ತಾರೆ, ಇಲ್ಲಿನ ರಸ್ತೆ ಬದಿಯಲ್ಲೂ ಬೇಕಾದಷ್ಟಿದೆ. ಅದರ ಎಣ್ಣೆ ತಿನ್ನಲು ಬರುವುದಿಲ್ಲ, ಹಾಗಾಗಿ ಊಟದ ತಟ್ಟೆಯಿಂದ ಕಿತ್ತುಕೊಂಡಂತೆಯೂ ಆಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ನೀರೆತ್ತಿ ತೋರಿಸಿದರು. ನಿಧಾನವಾಗಿ, ಒಂದೇ ವೇಗದಲ್ಲಿ ಓಡುವ ಎಂಜಿನ್ನಿಗೆ ಆರೈಕೆ ಮಾಡಿದರೆ ಅದು ಆಗುತ್ತದೆ. ಕಾಮನ್ ರೇಲ್ ಇರುವ ಗಾಡಿಗೆ ಹಸಿ ಹೊಂಗೆ ಎಣ್ಣೆ ಸಲ್ಲದು. ಬಯೋಡೀಸೆಲ್ ಮಾಡುವಾಗಲೂ ಒಂದು ಹೆಜ್ಜೆ ಹೆಚ್ಚು: ಅದರಲ್ಲಿ ಬಿಡಿ ಆಮ್ಲ ಜಾಸ್ತಿಯಿದ್ದರೆ ನೇರವಾಗಿ ಕಾಸ್ಟಿಕ್ ಹಾಕಿದೊಡನೆ ಸಾಬೂನಾಗುತ್ತದೆ. ಮೊದಲು ಆಮ್ಲದ ಜೊತೆ ಒಂದು ಸುತ್ತು ಹದ ಮಾಡಿಕೊಳ್ಳಬೇಕು.

ಮೈಲೇಜ್ ಕಡಿಮೆಯಾಗುತ್ತದೆಯೇ?

ಶುದ್ಧ ಬಯೋಡೀಸೆಲ್‌ನಲ್ಲಿ ಲೀಟರಿಗೆ ಸುಮಾರು ಶೇಕಡ 8 ಶಕ್ತಿ ಕಡಿಮೆ. ಬಿ5ರಲ್ಲಿ ಅದು ಶೇಕಡ ಅರ್ಧಕ್ಕೂ ಕಡಿಮೆ. ಟೈರಿನ ಗಾಳಿ ನೋಡಿಕೊಂಡರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಗಿಡದ ಎಣ್ಣೆಯಿಂದ ಮಾಡುವ ಇನ್ನೊಂದು ಡೀಸೆಲ್ ಇದೆಯಂತೆ, ಎಚ್‌ವಿಒ. ಅದಕ್ಕೂ ಇಷ್ಟೇ ಜಿಡ್ಡಿದೆಯೇ?

ಇಲ್ಲ. ಅದೂ ಎಣ್ಣೆಯಿಂದಲೇ ಹುಟ್ಟುತ್ತದೆ, ಆದರೆ ಮೆಥನಾಲಿನ ಬದಲು ಜಲಜನಕದಿಂದ. ಆಮ್ಲಜನಕವೆಲ್ಲ ಹೊರಗೆ ಹೋಗಿ ಸಾದಾ ಸರಪಳಿಗಳು ಮಾತ್ರ ಉಳಿಯುತ್ತವೆ. ಚೆನ್ನಾಗಿ ಉರಿಯುತ್ತದೆ, ಹಳಸುವುದಿಲ್ಲ. ಜಿಡ್ಡನ್ನು ಮಾತ್ರ ಹೊರಗಿನಿಂದ ಸೇರಿಸಲೇಬೇಕು. ಒಂದೇ ಎಣ್ಣೆ, ಆಮ್ಲಜನಕ ಉಳಿಸಿಕೊಂಡರೆ ಜಿಡ್ಡಿದೆ, ಕಳೆದುಕೊಂಡರೆ ಇಲ್ಲ. ಗಂಧಕಕ್ಕೆ ಇಲ್ಲಿ ಪಾತ್ರವೇ ಇಲ್ಲ ನೋಡಿ.

ನನ್ನ ಪಂಪ್ ಸವೆಯುತ್ತಿದೆ ಎಂದು ಹೇಗೆ ತಿಳಿಯಲಿ? ನಿಮ್ಮಲ್ಲಿಗೆ ಬರುವಾಗ ಏನು ತರಲಿ?

ಬಿಸಿಯಾದ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುವುದು ಮೊದಲ ಲಕ್ಷಣ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ಸೋರುತ್ತದೆ, ಒತ್ತಡ ಏರುವುದಿಲ್ಲ. ಏರಿನಲ್ಲಿ ಎಳೆತ ಕಡಿಮೆಯಾಗುವುದು, ನಿಂತಲ್ಲಿ ಎಂಜಿನ್ ಉಸಿರಾಡಿದಂತೆ ಏರಿಳಿಯುವುದು ಆಮೇಲಿನವು. ಹಳೆಯ ಫಿಲ್ಟರನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹಿಂಡಿ ನೋಡಿ. ಬಿಸಿಲಿನಲ್ಲಿ ಮಿನುಗುವ ಪುಡಿ ಕಂಡರೆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಎಳೆಸಿಕೊಂಡು ಬನ್ನಿ.

ಬರುವಾಗ ಆ ಹಳೆಯ ಫಿಲ್ಟರನ್ನೂ, ಟ್ಯಾಂಕಿನ ತಳದಿಂದ ತೆಗೆದ ಒಂದು ಗಾಜಿನ ಬಾಟಲಿ ಡೀಸೆಲ್ಲನ್ನೂ ತನ್ನಿ. ಕೊನೆಯ ಮೂರು ಸಲ ಎಲ್ಲಿ ಹಾಕಿಸಿದಿರಿ ಎಂಬ ರಸೀದಿ ಇದ್ದರೆ ಇನ್ನೂ ಒಳ್ಳೆಯದು. ಬಾಟಲಿಯನ್ನು ಒಂದು ರಾತ್ರಿ ಕಿಟಕಿಯಲ್ಲಿ ಇಡುತ್ತೇನೆ. ಬೆಳಿಗ್ಗೆ ತಳದಲ್ಲಿ ಏನು ಕುಳಿತಿದೆ ಎಂದು ನೋಡಿದ ಮೇಲೆಯೇ ಪಂಪ್ ಬಿಚ್ಚುವ ಮಾತು.